ಡಬ್ಬಿ ನಂಬರ ಹೇಳದ ಹೇಮಪ್ಪ

ಹೇಮಪ್ಪನನ್ನು ಯಾರಾದರೂ ಗಂಟೆ ಎಷ್ಟಾಯಿತೆಂದು ಕೇಳಿದರೆ ಅವನು ಮೊದಲು ಎಡಗೈಯ ಗಡಿಯಾರವನ್ನು ಬಲಗೈಯಿಂದ ಮುಚ್ಚಿ, "ಯಾಕ ಬೇಕಾಗಿತ್ರಿ?" ಎನ್ನುತ್ತಾನೆ. ಕೇಳಿದವನು ಬಸ್ಸು ಹಿಡಿಯುವವನೋ, ಮಾತ್ರೆ ನುಂಗುವವನೋ, ಹೊತ್ತು ಹೋಗದೆ ಸುಮ್ಮನೆ ಮಾತು ತೆಗೆದವನೋ ಎಂಬುದು ಇತ್ಯರ್ಥವಾಗುವವರೆಗೆ ಆ ಗಡಿಯಾರಕ್ಕೆ ಬಿಡುಗಡೆಯಿಲ್ಲ. ಬಸ್ಸಿನವನಾದರೆ "ಇನ್ನ ಟೈಮ್ ಐತಿ, ಛಾ ಕುಡೀರಿ" ಎನ್ನುತ್ತಾನೆ. ಮಾತ್ರೆಯವನಾದರೆ "ನುಂಗ್ರಿ, ಹೊತ್ತಾತು" ಎನ್ನುತ್ತಾನೆ. ಗಂಟೆ ಎಷ್ಟೆಂದು ಮಾತ್ರ ಇಬ್ಬರಿಗೂ ಹೇಳುವುದಿಲ್ಲ. ಬೇಕಾದದ್ದನ್ನು ಕೊಡುತ್ತಾನೆ, ಕೇಳಿದ್ದನ್ನು ಕೊಡುವುದಿಲ್ಲ. ಕೊಪ್ಪಳದ ಜವಾಹರ ರಸ್ತೆಯ ಒಂದು ಸಂದಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತಿ ಕಟ್ಟುವ ಅಂಗಡಿ ಇಟ್ಟು, ಅದನ್ನೇ ಮುಂದೆ ಕಂಪ್ಯೂಟರ್ ರಿಪೇರಿಯ ಅಂಗಡಿ ಮಾಡಿಕೊಂಡ ಈ ಮನುಷ್ಯನ ಜೊತೆ ಇಪ್ಪತ್ತೈದು ವರ್ಷ ಏಗಿರುವ ನನಗೆ, ಅವನ ಗಡಿಯಾರ ನಡೆಯುತ್ತದೋ ನಿಂತಿದೆಯೋ ಎಂಬುದು ಇವತ್ತಿಗೂ ತಿಳಿದಿಲ್ಲ.

ನಿಂತಲ್ಲಿ ನಿಲ್ಲದ ಜೀವ ಅದು. ಎಡ ಭುಜ ಮುಂದೆ, ಬಲ ಭುಜ ಹಿಂದೆ ಮಾಡಿಕೊಂಡು, ಅರೆ ತೆರೆದ ಬಾಗಿಲಲ್ಲಿ ನುಸುಳುವವನ ಹಾಗೆ ಬಟಾಬಯಲಿನಲ್ಲೂ ಅಡ್ಡಡ್ಡಲಾಗಿಯೇ ನಡೆಯುತ್ತಾನೆ. ಬೇಸಿಗೆಯ ಕೊಪ್ಪಳದಲ್ಲಿ ಬಂಡೆಗಳೂ ಬೆವರುವ ಹೊತ್ತಿನಲ್ಲೂ ಮೈಮೇಲೆ ಒಂದು ಖಾಕಿ ಕೋಟು. ಅದರ ತುಂಬ ಮೋಟರಿನ ವಾರ್ನಿಷಿನ ಕಲೆಗಳು, ಎಂಟು ಕಿಸೆಗಳು, ಎಂಟರಲ್ಲಿ ಯಾವುದರಲ್ಲಿ ಸ್ಕ್ರೂಡ್ರೈವರ್ ಇದೆಯೆಂದು ಅವನಿಗೇ ನೆನಪಿಲ್ಲದೆ ಮಾತಿನ ನಡುವೆ ಮೈಯನ್ನೆಲ್ಲ ತಟ್ಟಿಕೊಳ್ಳುವ ಕೈಗಳು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಾನೆಯೇ ಹೊರತು ಕೂಡುವುದಿಲ್ಲ. "ನಮ್ಮ ಮದುವ್ಯಾಗ ಅಕ್ಷತಿ ಬೀಳೂದ್ರೊಳಗ ಮೂರು ಸಲ ಎದ್ದು ಹೋಗಿದ್ರು ನೋಡ್ರಿ, ಮೈಕಿನವ ಕರದಾ ಅಂತ" ಎಂದು ಅವನ ಹೆಂಡತಿ ಪಾರ್ವತೆಮ್ಮ ಈಗಲೂ ಹೇಳುತ್ತಾಳೆ, ಹೇಳುವಾಗ ನಗುತ್ತಾಳೆ, ನಕ್ಕ ಮೇಲೆ ಒಂದು ನಿಟ್ಟುಸಿರು ಬಿಡುತ್ತಾಳೆ.

ಆ ಅಂಗಡಿಗೆ ಯಾವ ಸಾಮಾನು ರಿಪೇರಿಗೆ ಬಂದರೂ ಮೊದಲ ಸೇವೆ ಒಂದೇ: ಅದರ ನಂಬರಿನ ಫಲಕದ ಮೇಲೆ ಕರಿ ಟೇಪು. ಮೋಟರು, ಮಿಕ್ಸರು, ಟಿವಿ, ಕಂಪ್ಯೂಟರಿನ ಡಬ್ಬಿ, ಎಲ್ಲವೂ ಹಣೆಗೆ ಕರಿ ಪಟ್ಟಿ ಕಟ್ಟಿಸಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಯಾರದು ಯಾವುದೆಂದು ಒಂದು ಚೀಟಿ ಕೂಡ ಇಲ್ಲ, ಎಲ್ಲ ಅವನ ತಲೆಯಲ್ಲಿ. ಹೊಸಬರು ಇದನ್ನು ಹುಚ್ಚು ಎನ್ನುತ್ತಿದ್ದರು. ಹುಚ್ಚೇ ಇರಬಹುದು, ಆದರೆ ಆ ಹುಚ್ಚಿಗೆ ಒಂದು ಹುಟ್ಟಿದ ದಿನವಿತ್ತು, ಅದನ್ನು ಅವನು ನನಗೆ ಹೇಳಲು ಹನ್ನೊಂದು ವರ್ಷ ತೆಗೆದುಕೊಂಡ.

ಕೊಪ್ಪಳ ಜಿಲ್ಲೆಯಾಗುವ ಸಡಗರದ ತೊಂಬತ್ತೇಳನೆಯ ಇಸವಿ. ಸಾಣಾಪುರದ ಮುದುಕವ್ವ ಎಂಬ ಒಂಟಿ ಹೆಂಗಸು, ಕೆರೆಯ ಬದಿಯಲ್ಲಿ ಬದನೆ, ಮೆಣಸಿನಕಾಯಿ ಬೆಳೆದು ಗಂಗಾವತಿಯ ಸಂತೆಗೆ ಹೊರುತ್ತಿದ್ದವಳು, ಸುಟ್ಟುಹೋದ ತನ್ನ ನೀರೆತ್ತುವ ಮೋಟರನ್ನು ಹೇಮಪ್ಪನಿಗೆ ಕೊಟ್ಟು ಹೋಗಿದ್ದಳು. ಎರಡು ದಿನ ಬಿಟ್ಟು ಬಿಳಿ ಅಂಗಿಯ ಒಬ್ಬ ಸಭ್ಯಸ್ಥ ಬಂದು, ಛಾ ಕುಡಿಸಿ, ಹವಾ ಮಾತಾಡಿ, ಹೊರಡುವಾಗ ಆ ಮೋಟರಿನ ನಂಬರು ಎಷ್ಟು ಎಂದು ಕೇಳಿದ. ಹೇಮಪ್ಪ ಆಗಿನ್ನೂ ಹೊಸಬ, ಕೇಳಿದವರಿಗೆ ಹೇಳುವುದೇ ಮರ್ಯಾದೆ ಎಂದು ತಿಳಿದವನು. ಧೂಳು ಒರೆಸಿ, ಅಂಕಿ ಅಂಕಿಯಾಗಿ ಓದಿ ಹೇಳಿದ. ಮೋಟರು ಊರಿಗೆ ಹೋದ ಮರುವಾರವೇ ಆ ಸಭ್ಯಸ್ಥ ಊರ ಹಿರಿಯರ ಮುಂದೆ ನಿಂತು, "ಇದು ನನ್ನ ತೋಟದಾಗಿಂದ ಕಳುವಾದ ಮೋಟರ್ ರಿ, ಬೇಕಾದ್ರ ನಂಬರ ತಾಳೆ ಹಾಕಿ ನೋಡ್ರಿ" ಎಂದು ಅಂಕಿಗಳನ್ನು ಪಾಠದಂತೆ ಒಪ್ಪಿಸಿದ. ನಂಬರು ತಾಳೆಯಾಯಿತು. ಮುದುಕವ್ವನಿಗೆ ಅಕ್ಷರ ಬಾರದು. "ಅದರ ದನಿ ನನಗ ಗೊತ್ತೈತ್ರಿ, ಒಂಬತ್ತು ವರ್ಷ ಕೇಳೀನಿ" ಎಂದಳಂತೆ. ದನಿಯನ್ನು ಯಾವ ಹಿರಿಯ ನಂಬುತ್ತಾನೆ? ಮೋಟರು ಹೋಯಿತು, ಬದನೆ ಗಿಡ ಒಣಗಿದವು. ಅವಳು ಕೊಪ್ಪಳದ ತನಕ ಬಂದು, ಅಂಗಡಿಯ ಕಟ್ಟೆಯ ಮೇಲೆ ಕೂತು, ಬೈಯದೆ, ಅಳದೆ, ಒಂದೇ ಮಾತು ಕೇಳಿದಳು: "ಯಾರು ಕೇಳಿದ್ರೂ ಹೇಳಿಬಿಡೂದೇನಪಾ?"

ಹೇಮಪ್ಪ ಬೇರೊಂದು ಹಳೆಯ ಮೋಟರು ಕಟ್ಟಿ ಅವಳಿಗೆ ಕೊಟ್ಟ, ಅವಳು ತೆಗೆದುಕೊಂಡಳು. ಅಲ್ಲಿಗೆ ಅವಳ ಮಟ್ಟಿಗೆ ಆ ಪ್ರಕರಣ ಮುಗಿಯಿತು. ಇವನ ಮಟ್ಟಿಗೆ ಮುಗಿಯಲಿಲ್ಲ.

ಮುಂದೆ ಜಿಲ್ಲೆಯ ಹೊಸ ಕಚೇರಿಗಳಿಗೆ ಕಂಪ್ಯೂಟರುಗಳು ಬಂದವು, ಕೆಲವು ವರ್ಷಕ್ಕೆ ಹಳತಾಗಿ ಹೊರಬಿದ್ದವು, ಗುಜರಿಗೆ ಹೋಗುವ ಆ ಡಬ್ಬಿಗಳನ್ನು ಹೇಮಪ್ಪ ತಂದು, ಮೂರು ಸತ್ತದ್ದರಿಂದ ಒಂದು ಬದುಕಿದ್ದನ್ನು ಮಾಡತೊಡಗಿದ. ಅವುಗಳಿಗೆ ಲಿನಕ್ಸ್ ಹಾಕುತ್ತಿದ್ದ. ಯಾರು ಬೇಕಾದರೂ ಬಿಚ್ಚಿ ನೋಡಿ, ತಮಗೆ ಬೇಕಾದಂತೆ ತಿದ್ದಿ ಕಟ್ಟಿಕೊಳ್ಳಬಹುದಾದ ವ್ಯವಸ್ಥೆ ಅದು. ಮೋಟರಿನ ತಂತಿಯನ್ನು ಸುತ್ತು ಎಣಿಸಿ ಕಟ್ಟಿದ ಬೆರಳುಗಳಿಗೆ ಅದು ಒಗ್ಗಿತು. ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ನಿಘಂಟು ಬದಿಗಿಟ್ಟುಕೊಂಡು, ನಿಂತೇ ಓದಿ, ವರ್ಷಾನುಗಟ್ಟಲೆ ಅದರ ಹೊಟ್ಟೆಯೊಳಗೆ ಓಡಾಡಿದ. ಒಂದು ಮಧ್ಯಾಹ್ನ ನನ್ನ ಕಂಪ್ಯೂಟರನ್ನು ಅಂಗಾತ ಮಲಗಿಸಿಕೊಂಡು ನನಗೂ ಪಾಠ ಹೇಳಿದ.

"ಒಳಗ ಯಂತ್ರ, ಹೊರಗ ಪ್ರೋಗ್ರಾಮುಗೋಳು. ನಡುವ ನಿಂತಾನಲ್ರಿ, ಅವಗ ಕರ್ನಲ್ ಅಂತಾರ. ಬರಿಯಾಕ ಜಾಗ ಬೇಕಂದ್ರ ಜಾಗ ಕೊಡ್ತಾನ, ಪರದೆ ಮ್ಯಾಲ ಅಕ್ಷರ ಬೇಕಂದ್ರ ಮೂಡಸ್ತಾನ. ಅದು ಅವನ ಕೆಲಸ, ಮಾಡ್ಲಿ. ಆದ್ರ 'ನಿನ್ನ ಡಬ್ಬಿ ನಂಬರ ಎಷ್ಟು, ಡಿಸ್ಕಿನ ನಂಬರ ಎಷ್ಟು' ಅಂತ ಬಂದ ಬಂದ ಪ್ರೋಗ್ರಾಮೆಲ್ಲ ಕೇಳ್ತಾವ, ಈ ಶಾಣ್ಯಾ ಹೇಳಿಕೋತ ಕುಂಡ್ರತಾನ. ಪತ್ರ ಬರಿಯೋ ಪ್ರೋಗ್ರಾಮಿಗೆ ಡಬ್ಬಿ ನಂಬರ ಯಾಕ ಬೇಕ್ರಿ?"

ನನಗೆ ಯಾಕೆಂದು ಗೊತ್ತಿರಲಿಲ್ಲ. ಅದು ಕೇಳುತ್ತದೆ ಎಂಬುದೇ ಗೊತ್ತಿರಲಿಲ್ಲ. ತಲೆಯಾಡಿಸಿದೆ. ಹೇಮಪ್ಪ ಹೆಮ್ಮೆಯಿಂದ ತನ್ನ ತಿದ್ದುಪಡಿ ತೋರಿಸಿದ. ಅವನು ಕಟ್ಟಿದ ಯಂತ್ರಗಳಲ್ಲಿ ಯಾವ ಪ್ರೋಗ್ರಾಮು ನಂಬರು ಕೇಳಿದರೂ ಕರ್ನಲ್ ಒಂದೇ ಉತ್ತರ ಕೊಡುತ್ತಿತ್ತು, ಅದು ಕೊಪ್ಪಳದ ಪಿನ್ ಕೋಡು. ಕುಷ್ಟಗಿಯ ಯಂತ್ರವೂ ಅದನ್ನೇ ಹೇಳುತ್ತಿತ್ತು, ಯಲಬುರ್ಗಾದ್ದೂ ಅದನ್ನೇ. "ಎಲ್ಲಾರೂ ಒಂದ ಹೆಸರು ಹೇಳಿದ್ರ ಹುಡುಕಾಂವ ಯಾರನ್ನ ಹುಡುಕತಾನ್ರಿ?" ಎಂದು ಕೋಟಿನ ಕಿಸೆ ತಟ್ಟಿಕೊಂಡು ನಕ್ಕ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ಕಂಡಿಲ್ಲ.

ಈ ಖುಷಿಗೆ ಕಲ್ಲು ಹಾಕುವ ಹಕ್ಕು ಒಬ್ಬನಿಗೆ ಮಾತ್ರ ಇತ್ತು, ಅವನ ಗೆಳೆಯ ಕೊಟ್ರೇಶನಿಗೆ. ಗಂಗಾವತಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೊಟ್ರೇಶ ಶನಿವಾರ ಮಧ್ಯಾಹ್ನ ಕೊಪ್ಪಳಕ್ಕೆ ಬಂದನೆಂದರೆ, ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಒಗ್ಗರಣಿ, ಮಿರ್ಚಿಯ ಮುಂದೆ ಇಬ್ಬರಿಗೂ ಜಟಾಪಟಿ. ಕೊಟ್ರೇಶ ಕೂತು, ಹೇಮಪ್ಪ ನಿಂತು.

"ಏ, ನಂಬರ ಇರೂದ ಗುರುತಿಗಪಾ. ಕಳುವಾದ ಡಬ್ಬಿ ಸಿಗೂದು ಹ್ಯಾಂಗ? ಒಬ್ಬಾಂವ ಹತ್ತು ಹೆಸರಿನ್ಯಾಗ ಲಫಂಗತನ ಮಾಡಿದ್ರ ಹಿಡಿಯೂದು ಹ್ಯಾಂಗ?"

"ಗುರುತು ಬೇಕಂದಾಂವ ಮುಚ್ಚಳ ಬಿಚ್ಚಿ ನೋಡ್ಲಿ. ಬಿಚ್ಚಬೇಕಂದ್ರ ಮಾಲಕನ್ನ ಕೇಳಬೇಕಾಗ್ತೈತಿ. ಒಳಗಿಂದ ಒಳಗ ಕೇಳಿಕೊಂಡು ಹೋದ್ರ ಮಾಲಕಗ ಗೊತ್ತ ಆಗಂಗಿಲ್ಲ."

"ಮುಚ್ಚಿಡು, ಬ್ಯಾಡನ್ನಂಗಿಲ್ಲ. ಆದ್ರ ಎಲ್ಲಾದಕ್ಕೂ ಒಂದ ನಂಬರ ಇಟ್ಟೀಯಲ್ಲ, ಒಂದಿನ ಕುತಗಿಗೆ ಬರ್ತೈತಿ ನೋಡು."

"ಬರ್ಲಿ ಬಿಡು" ಎಂದು ಹೇಮಪ್ಪ ಅಡ್ಡಡ್ಡಲಾಗಿ ಹೊರಟುಬಿಡುತ್ತಿದ್ದ. ಬಿಲ್ಲು ಯಾವಾಗಲೂ ಕೊಟ್ರೇಶನದೇ.

ಎರಡು ಸಾವಿರದ ಹದಿನಾಲ್ಕರ ಹೊತ್ತಿಗೆ ಹೇಮಪ್ಪನ ಒಂಬತ್ತು ಯಂತ್ರಗಳು ಜಿಲ್ಲೆಯ ಒಂಬತ್ತು ಕಡೆ, ಟೈಪಿಂಗ್ ಮಾಡಿಕೊಡುವ, ಅರ್ಜಿ ತುಂಬಿಕೊಡುವ ಹೆಂಗಸರ ಸಣ್ಣ ಸಣ್ಣ ಅಂಗಡಿಗಳಲ್ಲಿ ಕೂತಿದ್ದವು: ಇರಕಲ್ಲಗಡದಲ್ಲೊಂದು, ಗಂಗಾವತಿಯಲ್ಲಿ ಮೂರು, ಯಲಬುರ್ಗಾದಲ್ಲಿ ಎರಡು, ಹೀಗೆ. ಎಂಟನ್ನು ಅವನೇ ಕಟ್ಟಿದ್ದ. ಒಂಬತ್ತನೆಯದು ಕುಷ್ಟಗಿಯ ಶೇಖರಮ್ಮನದು. ಡಬ್ಬಿ ಅವಳದೇ, ಒಳಗಿನ ವ್ಯವಸ್ಥೆ ಮಾತ್ರ ಇವನದು.

ಶೇಖರಮ್ಮ ಗಂಗಾವತಿಯಲ್ಲಿ ಗಂಡನ ಮನೆಯಿಂದ ಒಂದು ಬೆಳಗ್ಗೆ ಆ ಕಂಪ್ಯೂಟರನ್ನೊಂದೇ ಆಟೋದಲ್ಲಿ ಹಾಕಿಕೊಂಡು ಹೊರಬಿದ್ದವಳು. ತವರಿನ ಹಣದಲ್ಲಿ ಕೊಂಡದ್ದು, ಬಿಲ್ಲು ಮಾತ್ರ ಗಂಡನ ಹೆಸರಿನಲ್ಲಿ. ಅವನು ಕೈ ಮಾಡುವವನು. ಅವಳ ಬಲಗೈಯ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ, ಒಂಬತ್ತು ಬೆರಳಲ್ಲಿ ಟೈಪ್ ಮಾಡುತ್ತಾಳೆ. ಕುಷ್ಟಗಿಯಲ್ಲಿ ಅವಳಿರುವುದು ಆ ಮನೆಯ ಯಾರಿಗೂ ಗೊತ್ತಿರಲಿಲ್ಲ. ಆದರೆ ಗಂಡ ಬಿಲ್ಲನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಜಿಲ್ಲೆಯ ಒಂದೊಂದೇ ರಿಪೇರಿ ಅಂಗಡಿಗೆ ಎಡತಾಕುತ್ತಿದ್ದ, ಹೇಮಪ್ಪನ ಅಂಗಡಿಗೂ ಬಂದಿದ್ದ. "ಈ ನಂಬರಿನ ಡಬ್ಬಿ ಯಾರರ ತಂದ್ರ ಒಂದು ಫೋನ್ ಹಚ್ಚರಿ. ಡಬ್ಬಿ ಇದ್ದಲ್ಲಿ ಆಕಿ ಇರ್ತಾಳ." ಹೇಮಪ್ಪ ಆ ಬಿಲ್ಲನ್ನು ನೋಡಿದ, ಅಂಕಿಗಳನ್ನು ನೋಡಿದ, ಎಂಟೂ ಕಿಸೆ ತಟ್ಟಿಕೊಂಡ, "ಕನ್ನಡಕ ಇಲ್ಲೇನ್ರಿ ನನಗ" ಎಂದ. ಅವನಿಗೆ ಕನ್ನಡಕವೇ ಇರಲಿಲ್ಲ.

ಆ ವರ್ಷ ಹೊರಗಿನ ಒಂದು ಶಿಕ್ಷಣ ಸಂಸ್ಥೆ ಈ ಭಾಗದಲ್ಲಿ ಶಾಲೆಗಳನ್ನು ತೆರೆಯುತ್ತೇವೆಂದು ಇಪ್ಪತ್ತು ಶಿಕ್ಷಕರಿಗಾಗಿ ಅರ್ಜಿ ಕರೆಯಿತು. ಕಾಯಂ ನೌಕರಿ, ಗರಿಷ್ಠ ವಯಸ್ಸು ನಲವತ್ತು. ಅರ್ಜಿಯನ್ನು ಅವರದೇ ಒಂದು ಪ್ರೋಗ್ರಾಮಿನಲ್ಲಿ ತುಂಬಬೇಕು. ದಲ್ಲಾಳಿಗಳು ಕೂತಲ್ಲೇ ಕೂತು ನೂರಾರು ಸುಳ್ಳು ಅರ್ಜಿ ತುರುಕುತ್ತಾರೆಂದು, ಆ ಪ್ರೋಗ್ರಾಮು ಯಂತ್ರದ ನಂಬರನ್ನು ಕೇಳಿ ಅರ್ಜಿಯ ಜೊತೆ ಕಳಿಸುತ್ತಿತ್ತು. ಒಂದು ಯಂತ್ರದಿಂದ ಐದಕ್ಕಿಂತ ಹೆಚ್ಚು ಅರ್ಜಿ ಬಂದರೆ ಎಲ್ಲವೂ ರದ್ದು. ನ್ಯಾಯವಾದ ನಿಯಮವೇ, ನಾನೂ ಒಪ್ಪುತ್ತೇನೆ. ಹೇಮಪ್ಪನ ಒಂಬತ್ತು ಯಂತ್ರಗಳಿಂದ ಒಟ್ಟು ನಲವತ್ತೊಂದು ಅರ್ಜಿ ಹೋದವು, ಯಾವುದರಿಂದಲೂ ಐದು ಮೀರಿರಲಿಲ್ಲ. ಒಂಬತ್ತೂ ತಮ್ಮ ನಂಬರು ಕೊಪ್ಪಳದ ಪಿನ್ ಕೋಡು ಎಂದು ಏಕಕಂಠದಿಂದ ಹೇಳಿದವು. ನಲವತ್ತೊಂದೂ ಒಬ್ಬನೇ ದಲ್ಲಾಳಿಯ ಕೈವಾಡವೆಂದು ಹೊಡೆದುಹಾಕಲ್ಪಟ್ಟವು.

ಆ ನಲವತ್ತೊಂದರಲ್ಲಿ ಜೋಹರಾಬಿಯದೂ ಒಂದು. ಕುಷ್ಟಗಿಯ ಒಂದು ಶಾಲೆಯಲ್ಲಿ ಹದಿಮೂರು ವರ್ಷ ತಾತ್ಕಾಲಿಕ ಶಿಕ್ಷಕಿಯಾಗಿದ್ದವಳು, ಲೆಕ್ಕ ಕಲಿಸುವುದರಲ್ಲಿ ಎತ್ತಿದ ಕೈ, ಮುಂದಿನ ತಿಂಗಳಿಗೆ ನಲವತ್ತು ತುಂಬುವವಳು. ಅವಳಿಗೆ ಇದು ಕೊನೆಯ ಸಲ. ಮರುದಿನವೇ, ಆ ಯಂತ್ರದ ಒಳಗಿನ ವ್ಯವಸ್ಥೆ ಯಾರದೆಂದು ವಿಚಾರಿಸಿಕೊಂಡು ಕೊಪ್ಪಳಕ್ಕೆ ಬಂದು ಅಂಗಡಿಯ ಮುಂದೆ ನಿಂತು, "ಕಾಕಾ, ಇದು ನಿಮ್ಮ ಕೆಲಸೇನ್ರಿ?" ಎಂದಳು.

"ನಂದ ತಂಗಿ" ಎಂದ ಹೇಮಪ್ಪ. ಅವತ್ತು ಅವನು ಏನನ್ನೂ ಮುಚ್ಚಲಿಲ್ಲ, ಗೋಡೆಗೆ ಒರಗಿದ. "ನಂಬರ ಹೇಳದಿರೂದು ಬ್ಯಾರೆ, ಸುಳ್ಳು ಹೇಳೂದು ಬ್ಯಾರೆ. ನಾ ಯಂತ್ರದ ಬಾಯಿಲೆ ಸುಳ್ಳು ಹೇಳಿಸಿದೆ. ತಪ್ಪ ನಂದು, ನಾನ ಸರಿ ಮಾಡ್ತೀನಿ."

ಸಂಸ್ಥೆ ಎಂಟು ದಿನದ ಗಡುವು ಕೊಟ್ಟಿತ್ತು. ಒಂಬತ್ತು ಯಂತ್ರಗಳ ನಿಜವಾದ ನಂಬರು ಬರೆದು ತಂದು ಅವು ಬೇರೆ ಬೇರೆಯೆಂದು ತೋರಿಸಿದರೆ ಅರ್ಜಿಗಳನ್ನು ಉಳಿಸುತ್ತೇವೆ. ಆ ಪಟ್ಟಿಯನ್ನು ಊರು, ನಂಬರು ಸಮೇತ ಎಲ್ಲರಿಗೂ ಕಾಣುವಂತೆ ಸೂಚನಾ ಫಲಕದ ಮೇಲೂ ಜಾಲತಾಣದಲ್ಲೂ ಹಾಕುತ್ತೇವೆ ಎಂದಿತ್ತು. ಹದಿನೇಳು ವರ್ಷ ನಂಬರುಗಳಿಗೆ ಟೇಪು ಹಚ್ಚಿದವನು ಈಗ ಮೊಪೆಡ್ಡಿನ ಮೇಲೆ, ಕೋಟಿನ ಚುಂಗು ಹಾರಿಸುತ್ತ, ನಂಬರು ಕೂಡಿಸಲು ಹೊರಟ. ನಗಬೇಕೋ ಅಳಬೇಕೋ ಹೇಳಿ. ಪ್ರತಿ ಮನೆಯಲ್ಲೂ ಮುಚ್ಚಳ ಬಿಚ್ಚುವ ಮೊದಲು ಕೇಳುತ್ತಿದ್ದನಂತೆ: "ನಂಬರ ಬರಕೊಳ್ಳಲೇನವಾ? ಊರ ಹೆಸರು ಹಚ್ಚಿ ಬಯಲಿಗೆ ಹಾಕ್ತಾರ ಮತ್ತ." ಎಂಟು ಕಡೆ ಎಂಟೂ ಮಂದಿ "ಬರಕೋರಿ, ಅದೇನ ಬಂಗಾರೇನು?" ಎಂದು ನಕ್ಕರು. ಅವರ ಆ ನಗು ಅವನನ್ನು ಚುಚ್ಚಿತು. ಇಷ್ಟು ವರ್ಷ ತಾನು ಕಾದದ್ದು ಯಾರಿಗೂ ಬೇಡವಾದ ಸಾಮಾನನ್ನೇ ಎಂದು ನನ್ನ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿದ.

ಒಂಬತ್ತನೆಯ ಮನೆಯಲ್ಲಿ ಶೇಖರಮ್ಮ ನಗಲಿಲ್ಲ. "ಬ್ಯಾಡ್ರಿ ಅಣ್ಣಾರ" ಎಂದಳು. ಹೇಮಪ್ಪ ಬಿಲ್ಲು ಹಿಡಿದು ತಿರುಗುವ ಮನುಷ್ಯನನ್ನು ಕಂಡಿದ್ದ, ಅವಳು ಕಾರಣ ಹೇಳಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಆ ನಂಬರು, ಅದರ ಮುಂದೆ ಕುಷ್ಟಗಿ ಎಂದು ಬಿದ್ದ ದಿನ ಆ ಗಂಡ ಕುಷ್ಟಗಿಯ ಬಸ್ಸು ಹತ್ತುತ್ತಿದ್ದ. ಆದರೆ ಅವಳ ಯಂತ್ರದಿಂದಲೇ ನಾಲ್ಕು ಅರ್ಜಿ ಹೋಗಿದ್ದವು, ನಾಲ್ಕರಲ್ಲಿ ಒಂದು ಜೋಹರಾಬಿಯದು.

ಆ ಎಂಟು ದಿನದಲ್ಲಿ ಉಳಿದದ್ದು ಮೂರು. ಆ ಮೂರು ದಿನ ಹೇಮಪ್ಪ ಎಷ್ಟು ನಡೆದನೆಂಬುದನ್ನು ಜವಾಹರ ರಸ್ತೆಯ ಅಂಗಡಿಯವರು ಈಗಲೂ ಹೇಳುತ್ತಾರೆ. ಅಶೋಕ ಸರ್ಕಲ್ಲಿನಿಂದ ಸ್ಟೇಷನ್ನಿನ ತನಕ, ಸ್ಟೇಷನ್ನಿನಿಂದ ಸರ್ಕಲ್ಲಿನ ತನಕ, ಕೈ ಕಿಸೆಯಿಂದ ಕಿಸೆಗೆ. ಕೊಟ್ರೇಶ ಬಂದು ಸುಲಭದ ದಾರಿ ತೋರಿಸಿದ. "ಆಕಿ ಡಬ್ಬಿಗೆ ಒಂದು ಸುಳ್ಳು ನಂಬರ ಬರದು ಕೊಡು. ಯಾರು ಬಂದು ನೋಡ್ತಾರ? ನಲವತ್ತೊಂದೂ ಉಳೀತಾವ."

"ಒಂದು ಸುಳ್ಳು ನಂಬರಿಂದನ ಇಷ್ಟ ಆಗೇತಲ್ಲೋ. ಅವರು ಒಂದಿನ ಬಂದು ನೋಡಿದ್ರ? ಎಂಟಕ್ಕೂ ಕುತ್ತು ಬರ್ತೈತಿ."

"ಹಂಗಾರ ಜೋಹರಾಬಿ?"

ಅವತ್ತು ಹೋಟೆಲಿನಲ್ಲಿ ಹೇಮಪ್ಪ ಮಿರ್ಚಿ ಮುಟ್ಟದೆ ಹೋದನೆಂದು ಕೊಟ್ರೇಶ ನನಗೆ ಫೋನು ಮಾಡಿ ಹೇಳಿದ. ಅವನ ದನಿಯಲ್ಲಿ ವಾದ ಗೆದ್ದವನ ಸಂತೋಷ ಕಿಂಚಿತ್ತೂ ಇರಲಿಲ್ಲ.

ಒಂದು ನಂಬರು ಸಿಕ್ಕಿಲ್ಲವೆಂಬ ಸುದ್ದಿ ಜೋಹರಾಬಿಗೆ ತಲುಪಿತು. ಯಾವುದು, ಯಾಕೆ ಎಂದು ಕೇಳಲು ಬಂದಳು. "ಮಾಲಕರು ಒಪ್ಪಲಿಲ್ಲ ತಂಗಿ" ಎಂದನೇ ಹೊರತು ಮುಂದೆ ತುಟಿ ಬಿಚ್ಚಲಿಲ್ಲ. ತನ್ನ ಅರ್ಜಿ ಹೋದದ್ದು ಶೇಖರಮ್ಮನ ಯಂತ್ರದಿಂದ ಎಂಬುದು ಅವಳಿಗೆ ಗೊತ್ತೇ ಇತ್ತು, ಆದರೆ ಟೈಪಿಂಗಿನ ಶೇಖರಮ್ಮ ಎಲ್ಲಿಂದ ಬಂದವಳು, ಯಾಕೆ ಬಂದವಳು ಎಂಬುದು ಕುಷ್ಟಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಶೇಖರಮ್ಮನನ್ನೂ ಕೇಳಿದ್ದಳಂತೆ. ಶೇಖರಮ್ಮ ತಲೆ ತಗ್ಗಿಸಿ ಟೈಪ್ ಮಾಡುತ್ತಲೇ ಇದ್ದಳಂತೆ.

"ಮಾಲಕರ ನೆಪ ಹೇಳಿ ನಿಮ್ಮ ಹಟಕ್ಕ ನನ್ನ ಹದಿಮೂರು ವರ್ಷ ಕೊಡಬೇಕೇನ್ರಿ ಕಾಕಾ? ಒಂದು ಡಬ್ಬಿ ನಂಬರ! ಅದರಾಗ ಏನೈತಿ ಅಂಥಾದ್ದು?" ಜೋಹರಾಬಿಯ ಕಣ್ಣಲ್ಲಿ ನೀರು ಬಂದಿತ್ತು, ನಾನು ಅಲ್ಲೇ ಇದ್ದೆ, ನನಗೂ ಹೇಮಪ್ಪನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ತತ್ವ ತತ್ವ ಎಂದು ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವ ಮುದಿ ಹಟಮಾರಿ ಎಂದು ಮನಸ್ಸಿನಲ್ಲೇ ಬೈದೆ. ಮನಸ್ಸಿನಲ್ಲಿ ಎಂದು ಬರೆದದ್ದು ಸುಳ್ಳು, ಬಾಯಿಂದಲೇ ಬೈದೆ.

ಗಡುವಿನ ಹಿಂದಿನ ದಿನ ಅವನು ಮತ್ತೆ ಕುಷ್ಟಗಿಗೆ ಹೋಗಿ ಶೇಖರಮ್ಮನನ್ನು ಕೇಳಿದ. ಬರೆಯುವುದು ಬೇಡ, ಅಧಿಕಾರಿ ಬರಿಗಣ್ಣಿನಿಂದ ನೋಡಿದರೆ? ಅವಳು "ನೋಡ್ಲಿ. ಬರಕೋಬಾರ್ದು. ಡಬ್ಬಿ ನಿಮ್ಮ ಕೈ ಬಿಡಬಾರ್ದು" ಎಂದು, ತಾನೇ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಕಟ್ಟಿಕೊಟ್ಟಳು. ಮೊಪೆಡ್ಡಿನ ಮೇಲೆ ಡಬ್ಬಿ ನಡುಗುತ್ತದೆಂದು ಬಸ್ಸಿನಲ್ಲಿ ಬಂದ. ಯಾವ ಸೀಟಿನಲ್ಲೂ ಕೂಡದ ಮನುಷ್ಯ ಕುಷ್ಟಗಿಯಿಂದ ಕೊಪ್ಪಳದವರೆಗೆ, ಕೂಸನ್ನು ಹಿಡಿದವನಂತೆ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಬಂದ.

ಸಂಸ್ಥೆಯ ನೇಮಕಾಧಿಕಾರಿ ವಿರೂಪಾಕ್ಷಪ್ಪನವರು ಕಟ್ಟುನಿಟ್ಟಿನ, ಆದರೆ ಸಜ್ಜನ. ಎಂಟು ನಂಬರುಗಳ ಪಟ್ಟಿ ನೋಡಿ ತಲೆಯಾಡಿಸಿದರು. ಹೇಮಪ್ಪ ಅವರ ಮೇಜಿನ ಮೇಲೆ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಒಳಗಿನ ಫಲಕದ ಮೇಲಿನ ಕರಿ ಟೇಪು ಎತ್ತಿದ. ಅವರು ಬಗ್ಗಿ ಓದಿದರು, ಪಟ್ಟಿಯ ಜೊತೆ ಹೋಲಿಸಿದರು. ಬಾಗಿಲ ಬಳಿ ಜೋಹರಾಬಿ ನಿಂತಿದ್ದಳು.

"ಹೌದ್ರಿ, ಬ್ಯಾರೆ ಐತಿ. ಹೇಳ್ರಿ, ಬರಕೋತೀನಿ" ಎಂದು ವಿರೂಪಾಕ್ಷಪ್ಪನವರು ಪೆನ್ನು ತೆಗೆದರು.

ಹೇಮಪ್ಪ ಫಲಕದ ಮೇಲೆ ಅಂಗೈ ಇಟ್ಟ. "ನೋಡಿದ್ರಲ್ರಿ ಸಾಹೇಬ್ರ. ಅಷ್ಟ ಸಾಕು ಮಾಡ್ರಿ."

"ಬರೀದ ಹ್ಯಾಂಗ್ರಿ? ಪಟ್ಟಿ ಫಲಕಕ್ಕ ಹಾಕೂದು ನಿಯಮ ಐತಿ. ಯಾಕ ಬ್ಯಾಡ, ಅದನ್ನರ ಹೇಳ್ರಿ."

"ಅದನ್ನೂ ಹೇಳಾಕ ಬರಂಗಿಲ್ರಿ."

"ಕಾಕಾ!" ಎಂದಳು ಜೋಹರಾಬಿ. ಅಷ್ಟೇ ಎಂದಳು. ಹೇಮಪ್ಪ ಕೈ ಎತ್ತಲಿಲ್ಲ.

ವಿರೂಪಾಕ್ಷಪ್ಪನವರು ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, "ಒಂಬತ್ತನೆಯ ಯಂತ್ರವನ್ನು ಕಣ್ಣಾರೆ ಕಂಡಿದ್ದೇನೆ, ಅದು ಬೇರೆಯೇ ಇದೆ" ಎಂದು ಬರೆದು ಸಹಿ ಮಾಡಿದರು. ತಮ್ಮಿಂದಾದಷ್ಟು ಮಾಡಿದರು, ಅವರನ್ನು ದೂರಲಾರೆ. ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಉತ್ತರ ಬಂತು. ಎಂಟು ಯಂತ್ರಗಳ ಮೂವತ್ತೇ‍ಳು ಅರ್ಜಿಗಳು ಮಾನ್ಯ. ಸಂಖ್ಯೆ ದಾಖಲಾಗದ ಯಂತ್ರದ ನಾಲ್ಕು ಅರ್ಜಿಗಳು ಅಮಾನ್ಯ. ಆ ನಾಲ್ವರಲ್ಲಿ ಮೂವರು ಇನ್ನೂ ಎಳೆಯರು, ಮರುವರ್ಷ ಮತ್ತೆ ಹಾಕಿದರು. ಜೋಹರಾಬಿಗೆ ಅಷ್ಟರಲ್ಲಿ ನಲವತ್ತು ತುಂಬಿತ್ತು.

ಹೇಮಪ್ಪ ಒಂಬತ್ತೂ ಯಂತ್ರಗಳ ಒಳಗಿನ ಪಿನ್ ಕೋಡನ್ನು ಕಿತ್ತುಹಾಕಿದ. ಕೊಟ್ರೇಶನನ್ನು ಕೂಡಿಸಿಕೊಂಡು ತಿಂಗಳುಗಟ್ಟಲೆ ಗುದ್ದಾಡಿ ಹೊಸದೊಂದು ಕಟ್ಟಿದ. ಈಗ ಯಾವ ಪ್ರೋಗ್ರಾಮು ಕೇಳಿದರೂ ಕರ್ನಲ್ ನಿಜವಾದ ನಂಬರನ್ನು ಹೇಳುವುದಿಲ್ಲ, ಸುಳ್ಳನ್ನೂ ಹೇಳುವುದಿಲ್ಲ. ನಿಜದ್ದನ್ನು ಅರೆದು, ಕೇಳಿದ ಪ್ರತಿ ಪ್ರೋಗ್ರಾಮಿಗೂ ಬೇರೆ ಬೇರೆಯಾದ ಒಂದು ಗುರುತು ಮಾಡಿ ಕೊಡುತ್ತದೆ. ಈ ಯಂತ್ರ ಆ ಯಂತ್ರವಲ್ಲ ಎಂಬುದು ಅದರಿಂದ ತಿಳಿಯುತ್ತದೆ, ಆದರೆ ಅರೆದದ್ದರಿಂದ ಮೂಲದ ನಂಬರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. "ಇದನ್ನ ಮೊದಲ ಮಾಡಬೇಕಿತ್ತು" ಎಂದು ಕೊಟ್ರೇಶ ಅಂದನಂತೆ. ಗೆಳೆತನದಲ್ಲಿ ಕೆಲವು ಮಾತು ಆಡಬಾರದು, ಆದರೂ ಆಡುತ್ತೇವೆ. ಜೋಹರಾಬಿ ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೊಪ್ಪಳಕ್ಕೆ ಬಂದಾಗ ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಅವನು ಅಡ್ಡಡ್ಡಲಾಗಿ ಹೋಗುತ್ತಿದ್ದವನು ಇನ್ನಷ್ಟು ಅಡ್ಡವಾಗಿ, ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದ.

ಏಳು ವರ್ಷ ಹೀಗೇ ಕಳೆಯಿತು. ಗಂಗಾವತಿಯ ಆ ಗಂಡ ಕಾಯಿಲೆ ಬಿದ್ದು ತೀರಿಕೊಂಡ. ಅದಾದ ಕೆಲವು ತಿಂಗಳಿಗೆ ಶೇಖರಮ್ಮ ನನ್ನ ಮನೆ ಹುಡುಕಿಕೊಂಡು ಬಂದು, ನಾನು ಇಲ್ಲಿಯವರೆಗೆ ಬರೆದದ್ದರಲ್ಲಿ ತನಗೆ ಸೇರಿದ್ದನ್ನೆಲ್ಲ ಹೇಳಿ, "ನೀವು ಬರಿಯಾವ್ರು ಅಂತ ಕೇಳೀನಿ. ಇನ್ನ ಬರೀರಿ, ನನ್ನ ಹೆಸರು ಹಚ್ಚೇ ಬರೀರಿ. ಅದಕ್ಕೂ ಮೊದಲ ಆ ಟೀಚರಿಗೆ ಹೇಳಬೇಕ್ರಿ, ನನಗೊಬ್ಬಾಕಿಗೆ ಹೋಗಾಕ ಧೈರ್ಯ ಇಲ್ಲ" ಎಂದಳು. ಏಳು ವರ್ಷ ನಾನೂ ಅವನನ್ನು ಹಟಮಾರಿ ಎಂದೇ ತಿಳಿದಿದ್ದೆ, ಅವನು ಒಂದು ದಿನವೂ ನನ್ನನ್ನು ತಿದ್ದಿರಲಿಲ್ಲ.

ಇಬ್ಬರೂ ಕುಷ್ಟಗಿಗೆ ಹೋದೆವು. ಜೋಹರಾಬಿ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು, ಅವರನ್ನು ಮನೆಗೆ ಕಳಿಸಿ ಕೇಳಿಸಿಕೊಂಡಳು. ಶೇಖರಮ್ಮ ಮಡಚದ ಆ ಬೆರಳನ್ನು ತೋರಿಸಿದಾಗ ಎದ್ದುಹೋಗಿ ನೀರು ತಂದು ಕೊಟ್ಟಳು. ಆಮೇಲೆ ನಮ್ಮ ಜೊತೆಯೇ ಬಸ್ಸು ಹತ್ತಿ, ಕೊಪ್ಪಳದ ಸಂದಿಗೆ ಬಂದು, ಹೇಮಪ್ಪನ ಎದುರು ನಿಂತಳು. ಅವನಿಗೀಗ ವಯಸ್ಸಾಗಿದೆ, ಆದರೂ ನಿಂತೇ ಇದ್ದ.

"ಅವತ್ತ ನನಗೊಂದು ಮಾತು ಹೇಳಿದ್ರ, ಬರೀಬ್ಯಾಡ್ರಿ ಅಂತ ನಾನ ಅಂತಿದ್ನಲ್ರಿ ಕಾಕಾ. ನನ್ನನ್ನ ಅಷ್ಟೂ ತಿಳಕೊಳ್ಳಲಿಲ್ಲೇನು ನೀವು?"

"ತಿಳಕೊಂಡಿದ್ದೆ ತಂಗಿ. ನೀ ಹಂಗ ಅಂತಿದ್ದಿ ಅಂತ ನನಗ ಗೊತ್ತಿತ್ತು." ಹೇಮಪ್ಪ ಒಮ್ಮೆ ಶೇಖರಮ್ಮನ ಕಡೆ ನೋಡಿದ. "ಆದ್ರ ನಿನಗ ಹೇಳಾಕ ಅದು ನಂದಾಗಿರಲಿಲ್ಲ. ನಂಬರ ನಂದಾಗಿದ್ರ, ಬರದ ಕೊಟ್ಟುಬಿಡ್ತಿದ್ದೆ."

ಪ್ರತಿ ಊರಿನಲ್ಲೂ ಇಂಥವರು ಒಬ್ಬರೋ ಇಬ್ಬರೋ ಇರುತ್ತಾರೆ, ರಿಪೇರಿಯವರು, ಅಂಚೆಯವರು, ಸೂಲಗಿತ್ತಿಯರು, ನಮ್ಮೆಲ್ಲರ ಮನೆಯ ಒಳಗನ್ನು ಕಂಡು, ಕಂಡದ್ದನ್ನು ಹೊಸ್ತಿಲಾಚೆ ಒಯ್ಯದವರು. ಅವರನ್ನು ನಾವು ಸೊಕ್ಕಿನವರು, ಹಟದವರು, ಒಗಟಿನ ಮನುಷ್ಯರು ಎಂದು ಕರೆದು ಕೈ ತೊಳೆದುಕೊಳ್ಳುತ್ತೇವೆ. ಅವರು ಯಾಕೆ ನಿಂತಲ್ಲಿ ನಿಲ್ಲಲಾರರು, ಯಾಕೆ ಕೂತಲ್ಲಿ ಕೂಡಲಾರರು ಎಂದು ಕೇಳುವುದಿಲ್ಲ. ಕೇಳಿದರೂ ಅವರು ಹೇಳುವವರಲ್ಲ. ಅವರ ಮೌನದಿಂದ ಬದುಕಿ ಉಳಿದವರು ಅಡಗಿಯೇ ಇರಬೇಕಾಗುತ್ತದೆ, ಬಂದು ಕೈಮುಗಿಯಲಾರರು. ಅದೇ ಮೌನದಿಂದ ಕಳೆದುಕೊಂಡವರು ಮಾತ್ರ ಮತ್ತೆ ಮತ್ತೆ ಅದೇ ರಸ್ತೆಯಲ್ಲಿ ಎದುರಾಗುತ್ತಾರೆ.